ಅಣ್ಣ ಕರೆಯುವ ಸದ್ದು

ನಮ್ಮ ಅಣ್ಣನಿಗೆ ಮಾತಿಲ್ಲ. ಹುಟ್ಟಿದಾಗಿನಿಂದ ಕೈಕಾಲು ಸೆಟೆದುಕೊಂಡಿವೆ. ನವನಗರದ ಮನೆಯ ಪಡಸಾಲೆಯಲ್ಲಿ ದಿನವೆಲ್ಲ ಗಾಲಿಕುರ್ಚಿಯಲ್ಲೇ ಇರುತ್ತಾನೆ. ಅವ್ವನನ್ನು ಅವನು ಕರೆಯುತ್ತಿದ್ದುದು ಹಲ್ಲಿನಿಂದ. ಮೇಲಿನ ಹಲ್ಲಿಗೆ ಕೆಳಗಿನದನ್ನು ಕಟಕಟ ಬಡಿದರೆ ಸಾಕು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. ನೀರಿಗೆ ಒಂದು ಥರ, ಮೈ ಹೊರಳಿಸಲು ಇನ್ನೊಂದು ಥರ. ನನಗೆ ಅರ್ಧ ತಿಳಿಯುತ್ತಿತ್ತು, ಅವಳಿಗೆ ಪೂರ್ತಿ. ಬಂದ ನೆಂಟರು ಮಾತ್ರ, "ಪಾಪ, ಅವಗ ಥಂಡಿ ಆಗೇತಿ" ಎಂದು ಫ್ಯಾನ್ ಆರಿಸುತ್ತಿದ್ದರು.

ಮೂರ್ಛೆರೋಗದ ಗುಳಿಗೆ ಕಹಿ ಎಂದು ಅವ್ವ ಅದನ್ನು ಬೆಲ್ಲದಲ್ಲಿ ಅರೆದು ತಿನ್ನಿಸುತ್ತಿದ್ದಳು. ಬಾಯಿ ಮುಕ್ಕಳಿಸಲು ಅವನಿಗೆ ಬಾರದು, ಬ್ರಶ್ ಇಟ್ಟರೆ ಕಚ್ಚಿ ಹಿಡಿಯುತ್ತಿದ್ದ. ಒಸಡು ಬಾತು ಅವನು ಗೋಳಾಡಿದಾಗ, ತಾನು ದಿನಾ ಹಲ್ಲಿಗೆ ತಿಕ್ಕಿಕೊಳ್ಳುವ ಸುಟ್ಟ ತಂಬಾಕಿನ ಪುಡಿಯನ್ನೇ ಅವನಿಗೂ ಹಚ್ಚಿದಳು. ಅವಳವ್ವ ಅವಳಿಗೆ ಕಲಿಸಿದ್ದು ಅದನ್ನೇ. ಅವನು ಸುಮ್ಮನಾದ. ನೋವು ಹೋಯಿತೆಂದು ನಾವೂ ಸುಮ್ಮನಾದೆವು. ಒಳಗೆ ಹುಳುಕು ಬೆಳೆಯುತ್ತಲೇ ಇತ್ತು.

ಕೆನ್ನೆ ಊದಿದ ಮೇಲೆ ಆಟೋದಲ್ಲಿ ಕೂರಿಸಿಕೊಂಡು ತಿರುಗಿದೆವು. ದುರ್ಗದಬೈಲ್ ಪೇಟೆ ಹತ್ತಿರದ ಹಲ್ಲಿನ ದವಾಖಾನೆ ಮಹಡಿಯ ಮೇಲೆ, ಲಿಫ್ಟ್ ಇಲ್ಲ. ಇನ್ನೊಂದು ಕಡೆ ಒಳಗೆ ಬಿಟ್ಟುಕೊಂಡರು. ಅವನ ತಲೆ ಅಲುಗಾಡುವುದನ್ನು ಕಂಡು ಸಾಗಹಾಕಿದರು. ಬಾಯಿ ತೆರೆದು ಗಪ್ಪನೆ ಕೂರುವವರಿಗೆ ಮಾತ್ರವೇ ಹಲ್ಲು ನೋಯುವುದು? ನನಗೆ ಸಿಟ್ಟು ನೆತ್ತಿಗೇರಿತ್ತು.

ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಅರವಳಿಕೆ ಕೊಟ್ಟು ಚಿಕಿತ್ಸೆ ಮಾಡುತ್ತೇವೆಂದರು. ಡಾಕ್ಟರು ಒಳ್ಳೆಯವರೇ.

"ನೋಡ್ರಿ ಅಮ್ಮಾರ, ಕೆಟ್ಟ ಹಲ್ಲು ಭಾಳ ಅದಾವ. ಎಲ್ಲಾ ಒಮ್ಮೆ ತಗದ್ರ ಮುಂದ ತ್ರಾಸಿಲ್ಲ."

"ಅವ ಹಲ್ಲಿಲೇ ಮಾತಾಡ್ತಾನ್ರೀ ಸಾಹೇಬ್ರ," ಎಂದಳು ಅವ್ವ. "ಮ್ಯಾಲ ಎರಡು, ಕೆಳಗ ಎರಡರ ಬಿಡ್ರಿ."

ಡಾಕ್ಟರು ಬಗ್ಗಿ ಮತ್ತೊಮ್ಮೆ ಅವನ ಬಾಯಿ ನೋಡಿದರು. "ಅವೂ ಕೆಡ್ತಾವ್ರಿ. ಆಗ ಮತ್ತ ಅರವಳಿಕಿ ಕೊಡಬೇಕು. ಇವರ ಜೀವ ತಡಕೊಳ್ತದೋ ಇಲ್ಲೋ, ನಾ ಹೇಳಾಕ ಆಗಂಗಿಲ್ಲ."

ಅವ್ವ ಅಣ್ಣನ ಬಾಯಿಯ ಜೊಲ್ಲನ್ನು ಸೆರಗಿನಿಂದ ಒರೆಸಿದಳು. "ತಗೀರಿ" ಎಂದಳು.

ಈಗ ಅವನಿಗೆ ನೋವಿಲ್ಲ. ಗಂಜಿ ಕುಡಿಯುತ್ತಾನೆ, ಮೈಯೂ ತುಂಬಿಕೊಂಡಿದೆ. ನೆಂಟರು "ಛಲೋ ಆತು ಬಿಡ್ರಿ" ಎನ್ನುತ್ತಾರೆ. ಅವನು ದವಡೆ ಆಡಿಸುವುದನ್ನು ಮಾತ್ರ ಬಿಟ್ಟಿಲ್ಲ. ಸದ್ದು ಬರುವುದಿಲ್ಲ, ಅಷ್ಟೇ. ಅದಕ್ಕೇ ಅವ್ವ ಗ್ಯಾಸ್ ಒಲೆಯನ್ನು ಪಡಸಾಲೆಗೆ ತರಿಸಿಕೊಂಡಿದ್ದಾಳೆ. ಅವನಿಗೆ ಎದುರಾಗಿ ಕೂತು, ರೊಟ್ಟಿ ಬಡಿಯುತ್ತ ನಡುನಡುವೆ ತಲೆ ಎತ್ತಿ ಅವನ ಬಾಯಿ ನೋಡುತ್ತಾಳೆ.

ಮೊನ್ನೆ ನಾನು ತವರಿಗೆ ಹೋದಾಗ ಅವನ ದವಡೆ ಆಡುತ್ತಲೇ ಇತ್ತು. ಅವ್ವ ಕಣ್ಣು ಕಿರಿದು ಮಾಡಿ ಅವನನ್ನೇ ನೋಡುತ್ತಿದ್ದಳು.

"ಏನರ ಕೇಳಾಕತ್ತಾನೇನು ನೋಡವಾ," ಎಂದಳು. "ಕಣ್ಣಿಗೆ ಪೊರಿ ಬಂದೇತಿ, ನನಗ ಮಸಕ ಮಸಕ ಕಾಣ್ತದ."

ನಾನು ಹತ್ತಿರ ಹೋಗಿ ಅವನ ಮುಂದೆ ಕೂತೆ. ಅವನು ನನ್ನನ್ನೇ ನೋಡುತ್ತ ಮತ್ತೆ ಮತ್ತೆ ಹೇಳಿದ. ನನಗೆ ಏನೂ ತಿಳಿಯಲಿಲ್ಲ.