ಚಹಾಕ್ಕಿಂತ ಮೊದಲು ಹೇಳುವ ಮಾತು

ನನಗೆ ಸಕ್ಕರೆ ಕಾಯಿಲೆ ಬಂದದ್ದು ಹದಿನೇಳಕ್ಕೆ, ಸಿಂದಗಿಯಲ್ಲಿ ಪಿಯುಸಿ ಓದುವಾಗ. ವಿಜಯಪುರದ ಡಾಕ್ಟರು, "ಮನ್ಯಾಗ ಮತ್ತ ಯಾರಿಗರ ಸಕ್ಕರಿ ಐತೇನ್ರಿ?" ಎಂದು ಕೇಳಿದರು. ಅಪ್ಪ, "ಯಾರಿಗೂ ಇಲ್ರಿ," ಎಂದುಬಿಟ್ಟ. ಅವನದೇ ಸಕ್ಕರೆ ಗುಳಿಗೆ ಅಂಗಿಯ ಕಿಸೆಯಲ್ಲಿತ್ತು.

ಅಪ್ಪನ ತಂಗಿಗೆ ಆಗ ಮುದ್ದೇಬಿಹಾಳದ ಸಂಬಂಧ ಕುದುರುವುದರಲ್ಲಿತ್ತು. ಮದುವೆಯಾಗದ ಹೆಣ್ಣಿರುವ ತನಕ ನಮ್ಮ ಕಡೆಯ ಯಾವ ಮನೆಯಲ್ಲೂ ಕಾಯಿಲೆಯೇ ಇರುವುದಿಲ್ಲ. ಅತ್ತೆಯ ಮದುವೆಯಾಯಿತು. ನನಗೆ ದಿನಕ್ಕೆ ನಾಲ್ಕು ಇನ್ಸುಲಿನ್ ಸೂಜಿ ಶುರುವಾಯಿತು. ಅಪ್ಪನ ಸುಳ್ಳಿಗೂ ನನ್ನ ಸೂಜಿಗೂ ಸಂಬಂಧವಿದೆಯೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಆರು ವರ್ಷದ ಮೇಲೆ ಹೊಸ ಡಾಕ್ಟರಮ್ಮ ಒಬ್ಬರು ಅದೇ ಪ್ರಶ್ನೆ ಕೇಳಿದರು. ಅಂದು ಆಯಿಯೂ, ಅಂದರೆ ಅಪ್ಪನ ತಾಯಿಯೂ, ಜೊತೆಗಿದ್ದಳು. ಅಪ್ಪ ಬಾಯಿ ತೆರೆಯುವುದರೊಳಗೆ ಅವಳು ಬೆರಳು ಮಡಚತೊಡಗಿದಳು. "ನಮ್ಮಪ್ಪಗ ಇತ್ತು. ನನಗೈತಿ, ಈ ಮಗಗೈತಿ, ಮುದ್ದೇಬಿಹಾಳದ ಮಗಳಿಗೂ ಬಂತು. ಎಲ್ಲಾರಿಗೂ ಹರೇದಾಗ ಬಂದೈತ್ರಿ. ಇಲ್ಲದಾಕಿ ಅಂದ್ರ ಈ ಸೊಸಿ ಒಬ್ಬಾಕಿನ."

ಮೂಲೆಯಲ್ಲಿದ್ದ ಅವ್ವ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. ಡಾಕ್ಟರಮ್ಮ ನಕ್ಕು, ನನ್ನ ರಕ್ತವನ್ನು ಬೇರೆಯೇ ಪರೀಕ್ಷೆಗೆ ಕಳಿಸಿದರು. ನನ್ನದು ತಲೆಮಾರಿನಿಂದ ತಲೆಮಾರಿಗೆ ಇಳಿದು, ಹರೆಯದಲ್ಲೇ ಕಾಣಿಸಿಕೊಳ್ಳುವ ಬೇರೊಂದು ಬಗೆಯ ಸಕ್ಕರೆಯಂತೆ. ಮನೆಯಲ್ಲಿ ಯಾರಿಗೂ ಇಲ್ಲವೆಂದು ಕೇಳಿದ ಮೊದಲಿನ ಡಾಕ್ಟರು ಅದನ್ನು ಸೂಜಿಯೇ ಬೇಕಾದ ಬಗೆ ಎಂದುಕೊಂಡಿದ್ದರಂತೆ. ಅಪ್ಪ ನುಂಗುವಂಥ ಸಣ್ಣ ಗುಳಿಗೆಯೇ ನನಗೂ ಸಾಕಂತೆ. ಅವರು ದಿನಾ ಸಕ್ಕರೆ ನೋಡಿಕೊಳ್ಳುತ್ತ ಸೂಜಿಗಳನ್ನು ಒಂದೊಂದಾಗಿ ಬಿಡಿಸಿದರು.

ಕೊನೆಯ ಸೂಜಿ ಬಿಟ್ಟ ಮರುವಾರವೇ ಎಳ್ಳ ಅಮಾವಾಸ್ಯೆ. ಅಗರಖೇಡದ ನಮ್ಮ ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಜೋಳದ ನಡುವೆ ಊಟಕ್ಕೆ ಕೂತೆವು. ಚುಚ್ಚಿಕೊಳ್ಳಲು ಮರೆಗೆ ಹೋಗದೆ ಅರ್ಧ ಶೇಂಗಾ ಹೋಳಿಗೆ ತಿಂದೆ. ಕುಣಿಯುವಷ್ಟು ಖುಷಿಯಾಗಿತ್ತು. ಅಪ್ಪ ಮಾತ್ರ ತುತ್ತೆತ್ತಲಿಲ್ಲ.

"ನನ್ನ ಒಂದ ಸುಳ್ಳಿಗೆ ನಿನಗ ಆರ ವರ್ಷ ಸೂಜಿ ಆತವಾ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂದು ಯಾಕೋ ಬರಲಿಲ್ಲ. ಉಳಿದರ್ಧ ಹೋಳಿಗೆ ಅವನ ತಾಟಿಗೆ ಹಾಕಿದೆ. "ಉಣ್ಣಪಾ. ಗುಳಗಿ ತಗೊಂಡಿ ಇಲ್ಲೋ?"

ಮರುವರ್ಷ ಬಸವನ ಬಾಗೇವಾಡಿಯಿಂದ ಗಂಡಿನವರು ನನ್ನನ್ನು ನೋಡಲು ಬಂದರು. ನಾನು ಚಹಾ ತಂದರೆ ಅಪ್ಪ ಕೈ ಅಡ್ಡ ಹಿಡಿದ. "ಚಾ ಆಮ್ಯಾಲ ಕುಡೀರಿ. ಮೊದಲ ಒಂದ ಮಾತು. ನಮ್ಮ ಮನ್ಯಾಗ ಸಕ್ಕರಿ ಬ್ಯಾನಿ ಐತಿ. ನನಗೈತಿ, ಈಕಿಗೂ ಐತಿ. ನಾಳೆ ಈಕಿ ಮಕ್ಕಳಿಗೂ ಬರಬಹುದು."

ಅವರು ಚಹಾ ಮುಟ್ಟದೆ ಎದ್ದು ಹೋದರು. ಎರಡನೆಯವರೂ ಹಾಗೇ. ಆಯಿ ಹಣೆ ಬಡಿದುಕೊಂಡಳು. "ಖರೇ ಹೇಳೂದು ಡಾಕ್ಟರ ಮುಂದ ಅಲ್ಲೇನೋ, ಬೀಗರ ಮುಂದ ಯಾಕ?" ಅಪ್ಪ ಜಗ್ಗಲಿಲ್ಲ.

ಮೂರನೆಯವರು ಮಸೂತಿ ಎಂಬ ಊರಿನವರು. ಅಪ್ಪನ ಮಾತೆಲ್ಲ ಕೇಳಿದ ಹುಡುಗನ ತಾಯಿ ನನ್ನ ಕಡೆ ತಿರುಗಿದರು.

"ಗುಳಗಿ ಮರೀದಂಗ ತಗೊಂತಿಯೇನವಾ?"

"ತಗೊಂತೇನ್ರಿ."

"ಹಂಗಾರ ಚಾ ತಾ. ಆರಾಕತ್ತೈತಿ."