ಸೋಮವಾರ ಹೂಡದ ಗಾಡಿ

ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ನಾನು ಸಿನಿಮಾ ನಿರ್ಮಾಪಕನಾದೆ ಎಂದರೆ ಬೈಲಹೊಂಗಲದ ಪೇಟೆಯಲ್ಲಿ ಈಗಲೂ ನಗುತ್ತಾರೆ. ನಗಲಿ. ನಾನು ಮಾಡಿದ್ದು ಒಂದೇ ಸಿನಿಮಾ. ಅದರ ನಿರ್ದೇಶಕಿಯ ಬಗ್ಗೆ ಮಾತ್ರ ಯಾರು ಕೂತು ಕೇಳಿದರೂ ಹೇಳುತ್ತೇನೆ. ರಾಮದುರ್ಗದ ಹೆಣ್ಣುಮಗಳು. ಸೆಟ್‌ನಲ್ಲಿ ಆಕೆ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಆ ಕೆಲಸಕ್ಕೆ ನಾನಿದ್ದೆ.

ನಮ್ಮದು ಫೈಟು, ಹಾಡು ಎಲ್ಲ ಇದ್ದ ಕಮರ್ಷಿಯಲ್ ಸಿನಿಮಾ. ಕ್ಲೈಮ್ಯಾಕ್ಸ್ ತೊರಗಲ್ ಕೋಟೆಯ ಕೆಳಗೆ, ಒಂದೇ ದಿನದ ಶೂಟಿಂಗ್. ಹೀರೋನ ತಂಗಿಗೆ ಹೆರಿಗೆ ನೋವು, ಜೀಪು ಎರೆಮಣ್ಣಿನ ಕೆಸರಿನಲ್ಲಿ ಹೂತಿದೆ, ಹೀರೋ ಎತ್ತಿನ ಗಾಡಿ ಓಡಿಸಿಕೊಂಡು ಅವಳನ್ನು ಆಸ್ಪತ್ರೆಗೆ ಮುಟ್ಟಿಸಬೇಕು. ಆ ನಟ ಅಂದು ಸಂಜೆಯೇ ಬೇರೆ ಸಿನಿಮಾಕ್ಕೆ ಹೊರಡುವವ. ಮತ್ತೆ ಸಿಗುವುದು ಯಾವಾಗಲೋ, ದೇವರೇ ಬಲ್ಲ. ಆ ದೃಶ್ಯ ಅಂದು ಮುಗಿಯದಿದ್ದರೆ ನನ್ನ ಸಿನಿಮಾಕ್ಕೆ ಕೊನೆಯೇ ಇಲ್ಲ.

ಬೆಳಿಗ್ಗೆ ಎತ್ತುಗಳ ಯಜಮಾನ ಜೋಡಿಯನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದ.

"ಗಾಡಿ ನಿನ್ನೆನ ತಂದ ನಿಲ್ಲಿಸೇನ್ರಿ. ಎತ್ತೂ ತಂದೇನಿ. ಹೂಡೂದು ಮಾತ್ರ ನಾಳೆ. ಇವತ್ತ ಸೋಮಾರ."

ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನಮ್ಮ ಮನೆಯಲ್ಲೂ ಇಟ್ಟವರಲ್ಲ, ಆಕೆಯ ಮನೆಯಲ್ಲೂ ಇಲ್ಲ. ಆದರೆ ಶೂಟಿಂಗ್ ಶುರುವಾದ ಮೇಲೆ ನಮಗೆ ವಾರವೇ ಮರೆತುಹೋಗಿತ್ತು. ಹೀರೋ ಇರುವ ದಿನ, ಇಲ್ಲದ ದಿನ, ಅಷ್ಟೇ ನಮ್ಮ ಪಂಚಾಂಗ.

ನನಗೆ ಸಿಟ್ಟು ನೆತ್ತಿಗೇರಿತು. "ಯಜಮಾನ್ರ, ಇದೇನ ಹೊಲದ ಕೆಲಸ ಅಲ್ಲ, ಸಿನಿಮಾ! ಒಂದೀಟ ಓಡಿಸಿದ್ರ ಏನಾಗತೈತಿ?"

"ಎತ್ತಿಗೇನ ಗೊತ್ತರಿ ಸಾವ್ಕಾರ್ರ, ಸಿನಿಮಾ ಅಂತ? ಅದಕ್ಕ ನೊಗ ಅಂದ್ರ ನೊಗಾನ."

ಮುನವಳ್ಳಿಯಿಂದ ಬೇರೆ ಜೋಡಿ ತರಿಸೋಣ ಎಂದ ನಮ್ಮ ಮ್ಯಾನೇಜರ್. ಅಲ್ಲೇನು ಅವತ್ತು ಮಂಗಳವಾರವೇ? ಅವನ ಮೇಲೂ ರೇಗಿದೆ.

ಅಷ್ಟರಲ್ಲಿ ನಿರ್ದೇಶಕಿ ಎರಡು ಕಪ್ ಚಹಾ ಹಿಡಿದು ಬಂದು, ಗಾಡಿಯ ನೆರಳಲ್ಲಿ ಯಜಮಾನನ ಪಕ್ಕ ಕುಳಿತಳು. ಎತ್ತು ಹೂಡಿ ಎನ್ನಲೇ ಇಲ್ಲ.

"ಕಾಕಾ, ನಿಮ್ಮ ಮನ್ಯಾಗ ಸೋಮಾರ ದಿನಾನ ಹೆಣ್ಣಮಗಳಿಗೆ ಬ್ಯಾನಿ ಬಂದ್ರ ಏನ ಮಾಡತೀರಿ?"

"ಗಂಡಸರ ಇರತೇವಲ್ಲ ಯವ್ವಾ. ನಾವ ಗಾಡಿ ಎಳಕೊಂಡ ಹೋಗತೇವಿ."

ಆಕೆ ಸಾವಕಾಶ ಚಹಾ ಮುಗಿಸಿ ಎದ್ದಳು. "ಸಾವ್ಕಾರ್ರ, ಕ್ಲೈಮ್ಯಾಕ್ಸ್ ಸಿಕ್ತ ನೋಡ್ರಿ."

ಕಾರಿನಿಂದ ಕೆಸರಿಗೆ ಕಾಲಿಡಲೂ ಹಿಂದೆಮುಂದೆ ನೋಡುತ್ತಿದ್ದ ನಮ್ಮ ಹೀರೋನ ಕಿವಿಯಲ್ಲಿ ಏನು ಹೇಳಿದಳೋ, ಆತ ಬೂಟು ಬಿಚ್ಚಿಟ್ಟು ನೊಗಕ್ಕೆ ಹೆಗಲು ಕೊಟ್ಟ. ಇನ್ನೊಂದು ಬದಿಗೆ ಯಜಮಾನನೇ ನಿಂತ. ಊರ ಗಂಡಸರು ಗಾಲಿಗೆ ಕೈ ಹಚ್ಚಿದರು. ನಡುವೆ ಹೀರೋ ಜಾರಿ ಮಂಡಿಯೂರಿ ಬಿದ್ದ. ಆಕೆ ಕಟ್ ಅನ್ನಲಿಲ್ಲ. ಆತ ತಾನೇ ಎದ್ದು ಮತ್ತೆ ಎಳೆದ, ಗಾಡಿ ಕೆಸರು ದಾಟಿತು. ಎಲ್ಲರೂ ಕೇಕೆ ಹಾಕುತ್ತಿದ್ದಾಗ ಆಕೆ ಕ್ಯಾಮೆರಾವನ್ನು ಬೇವಿನ ಮರದ ಕಡೆ ತಿರುಗಿಸಿದಳು. ಅಲ್ಲಿ ಜೋಡೆತ್ತು ಹಾಯಾಗಿ ಮೇವು ಮೆಲ್ಲುತ್ತ ನಿಂತಿದ್ದವು.

ಆ ಎತ್ತುಗಳೇ ಮುಂದೆ ತಕರಾರಿಗೆ ಕಾರಣವಾದವು. ಸಿನಿಮಾ ನೋಡಿದ ಬೆಂಗಳೂರಿನ ಹಂಚಿಕೆದಾರರು, "ಎತ್ತು ಸುಮ್ಮನೆ ನಿಂತಿರುವಾಗ ಜನ ಯಾಕ್ರೀ ಎಳೀತಾರೆ? ಒಂದು ಡೈಲಾಗ್ ಸೇರಿಸಿ, ಇಲ್ಲಾ ಆ ಶಾಟ್ ಕಿತ್ತುಹಾಕಿ" ಎಂದರು. ನಾನು ಕಿತ್ತುಹಾಕಲು ತಯಾರಿದ್ದೆ. ಕ್ಲೈಮ್ಯಾಕ್ಸ್‌ನಲ್ಲಿ ಜನ ನಕ್ಕುಬಿಟ್ಟರೆ ಮುಗಿಯಿತಲ್ಲ.

"ಬ್ಯಾಡ್ರಿ. ನಮ್ಮ ಮಂದಿಗೆ ತಿಳೀತೈತಿ" ಎಂದಳು ಆಕೆ. ಅಷ್ಟೇ. ಹಂಚಿಕೆದಾರರಿಗೆ ಶಾಟ್ ಇರಲಿ ಎಂದುಬಿಟ್ಟೆ. ಆದರೂ ಆಕೆಯ ಆ ನಂಬಿಕೆ ನನಗೆ ಎಲ್ಲಿಂದ ಬರಬೇಕು?

ಬೈಲಹೊಂಗಲದಲ್ಲಿ ಮೊದಲ ಆಟ. ಕೊನೆಯ ಸಾಲಿನಲ್ಲಿ ನಾವಿಬ್ಬರೂ ಕುಳಿತಿದ್ದೆವು. ಕೆಸರಿನಲ್ಲಿ ಗಂಡಸರು ಗಾಡಿ ಎಳೆದರು. ಥಿಯೇಟರ್ ಗಪ್‌ಚಿಪ್. ಏನೂ ತಿಳಿಯಲಿಲ್ಲವೇನೋ ಎಂದುಕೊಂಡೆ. ಆಮೇಲೆ ತೆರೆಯ ತುಂಬ ಮೇವು ಮೆಲ್ಲುವ ಎತ್ತುಗಳು ಬಂದವು.

"ಏ, ಇವತ್ತ ಸೋಮಾರ ಐತ್ರಲೇ!" ಎಂದು ಮುಂದಿನಿಂದ ಯಾರೋ ಕೂಗಿದರು.

ಇಡೀ ಥಿಯೇಟರ್ ಎದ್ದು ನಿಂತು ಸೀಟಿ ಹೊಡೆಯಿತು. ನಾನು ಪಕ್ಕಕ್ಕೆ ತಿರುಗಿದೆ. ಆಕೆ ಅಳುತ್ತಿದ್ದಳು.