ಸೊನ್ನೆ ಇಲ್ಲದ ಟೇಪು

ಎಂಟನೇ ಕ್ಲಾಸಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರ ಹತ್ತಿರ ಇದ್ದದ್ದು ಒಂದೇ ಒಂದು ಮೀಟರ್ ಪಟ್ಟಿ. ಮರದ್ದು. ತುದಿ ಮುರಿದು ಮೊದಲ ಹತ್ತು ಸೆಂಟಿಮೀಟರ್ ಎಂದೋ ಹೋಗಿತ್ತು. ಹೊಸದು ತರಿಸಿ ಸಾರ್ ಎಂದರೆ, "ಇದೇ ವಾಸಿ, ಕಣ್ಣು ಬಿಟ್ಕೊಂಡು ಅಳೀತೀರ" ಎನ್ನುತ್ತಿದ್ದರು. ನಾನು ಕಣ್ಣು ಬಿಟ್ಟುಕೊಳ್ಳಲಿಲ್ಲ. ಬೆಂಚಿನ ಅಗಲ ನಲವತ್ತು ಸೆಂಟಿಮೀಟರ್ ಎಂದು ಎಲ್ಲರಿಗಿಂತ ಮೊದಲು ಕೂಗಿದೆ. ಪಟ್ಟಿ ಶುರುವಾಗುತ್ತಿದ್ದುದೇ ಹತ್ತರಿಂದ. ಬೆಂಚು ಇದ್ದದ್ದು ಮೂವತ್ತು. ಅದೇ ಪಟ್ಟಿಯಿಂದ ಬೆರಳಿನ ಗೆಣ್ಣಿನ ಮೇಲೆ ಒಂದು ಬಿತ್ತು. "ಮೊದಲು ಸೊನ್ನೆ ಎಲ್ಲಿದೆ ನೋಡು, ಆಮೇಲೆ ಬಾಯಿ ಬಿಡು!" ಕ್ಲಾಸೆಲ್ಲ ಕಿಸಕ್ಕೆಂದಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಏಟು ಅಂದೇ ಮರೆತುಹೋಯಿತು, ಆ ನಗು ಮರೆಯಲಿಲ್ಲ.

ಬಿಡದಿ ಕಡೆಯಿಂದ ಫ್ಯಾಕ್ಟರಿಗಳು ಒಂದೊಂದಾಗಿ ನಮ್ಮ ಬೈರಮಂಗಲದ ಕಡೆಗೂ ಬರುತ್ತಿದ್ದ ಕಾಲ ಅದು. ಲಾರಿಗಳು ಓಡಾಡಲು ನಮ್ಮೂರ ರಸ್ತೆ ಅಗಲ ಮಾಡುತ್ತಾರೆ, ನಡುರಸ್ತೆಯಿಂದ ಎರಡೂ ಕಡೆಗೆ ಹದಿನೈದು ಮೀಟರ್ ಹೋಗುತ್ತದೆ ಎಂದು ಸುದ್ದಿ ಬಂತು. ರಸ್ತೆಗೂ ನಮ್ಮ ಹಿಪ್ಪುನೇರಳೆ ತೋಟಕ್ಕೂ ನಡುವೆ ಇದ್ದದ್ದು ನಮ್ಮ ಬಾವಿ. ತಾತ ತೋಡಿಸಿದ್ದು. ಅದರ ನೀರಿಗೆ ಸೊಪ್ಪು, ಸೊಪ್ಪಿಗೆ ರೇಷ್ಮೆಹುಳ, ಹುಳಕ್ಕೆ ನಾವು. ಬಾವಿ ಹೋದರೆ ಉಳಿದದ್ದೂ ಹೋದಂತೆಯೇ.

ಅಳೆಯುವವರು ಬರುವ ಹಿಂದಿನ ಸಂಜೆ ಅಪ್ಪ ನನ್ನನ್ನು ಕರೆದ. "ಮಗಾ, ಹದಿನೈದು ಮೀಟ್ರು ಅಂದ್ರೆ ನಮ್ ಲೆಕ್ಕದಲ್ಲಿ ಎಷ್ಟು ಮಾರಾಯ್ತದೆ?"

ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಅಪ್ಪನಿಗೆ ಗೊತ್ತಿದ್ದ ಅಳತೆ ಅದು. ಹಗ್ಗ, ಬೇಲಿ, ಸಾಲು ಎಲ್ಲಕ್ಕೂ ಅದೇ. ಅಪ್ಪನನ್ನು ಗೋಡೆಗೆ ಒರಗಿಸಿ, ಕೈ ಚಾಚಿಸಿ, ಎರಡೂ ತುದಿಗೆ ಇದ್ದಿಲಿನಲ್ಲಿ ಗುರುತು ಹಾಕಿ ನನ್ನ ಸ್ಕೇಲಿನಲ್ಲಿ ಅಳೆದೆ. ಒಂದು ಮೀಟರ್ ಎಪ್ಪತ್ತು. ಹದಿನೈದು ಮೀಟರ್ ಎಂದರೆ ಒಂಬತ್ತು ಮಾರಿಗೆ ಒಸಿ ಕಮ್ಮಿ. ಇಬ್ಬರೂ ಹೋಗಿ ನಡುರಸ್ತೆಯಿಂದ ಹಗ್ಗ ಹಿಡಿದೆವು. ಬಾವಿಯ ಕಟ್ಟೆ ಸಿಕ್ಕಿದ್ದು ಎಂಟೂವರೆ ಮಾರಿಗೆ.

"ಬಾವಿ ಹೋಯ್ತದೆ ಕಣಪ್ಪ," ಎಂದೆ.

"ಇನ್ನೊಂದ್ಸಲ ಲೆಕ್ಕ ಹಾಕವ್ವ."

ಮೂರು ಸಲ ಹಾಕಿದೆ. ಮೂರು ಸಲವೂ ಹೋಯಿತು. ಅವತ್ತು ಅಪ್ಪ ಮುದ್ದೆ ಮುಟ್ಟದೆ ಎದ್ದುಬಿಟ್ಟ.

ಮಾರನೇ ದಿನ ಶನಿವಾರ. ಬೆಳಗಿನ ಸ್ಕೂಲು ಮುಗಿಸಿ ಬ್ಯಾಗಿನ ಸಮೇತ ಓಡಿಬಂದೆ. ಊರಿನ ಅರ್ಧ ಜನ ನಮ್ಮ ಬಾವಿಯ ಹತ್ತಿರವೇ ಇದ್ದರು. ಸರ್ವೆಯರ್, ಅವರ ಟೇಪು ಹಿಡಿಯುವವನು, ಜೊತೆಗೆ ನಕ್ಷೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ ಫ್ಯಾಕ್ಟರಿಯ ಒಬ್ಬರು. ಟೇಪಿನ ತುದಿಯ ಬಳೆಯನ್ನು ನಡುರಸ್ತೆಯಲ್ಲಿ ಒತ್ತಿ ಆ ಆಳು ಕುಕ್ಕರುಗಾಲಲ್ಲಿ ಕೂತ. ಸರ್ವೆಯರ್ ಬಿಚ್ಚುತ್ತಾ ಬಿಚ್ಚುತ್ತಾ ಬಾವಿಯ ಕಡೆ ಬಂದರು. "ಹದಿನೈದು," ಎಂದು ನಿಂತರು. ಕಟ್ಟೆ ಇನ್ನೂ ಒಂದು ಮೊಳ ಆಚೆಗಿತ್ತು.

ಬಾವಿ ಉಳಿದಿತ್ತು! ಕಲ್ಲು ನೆಟ್ಟರು. ಅಪ್ಪ ನನ್ನ ಕಡೆ ತಿರುಗಿ ಜೋರಾಗಿ ನಕ್ಕ. "ನೋಡ್ದಾ, ನಿನ್ ಲೆಕ್ಕ ತಪ್ಪೋಯ್ತು! ಅದೇನ್ ಕಲಿಸ್ತಾರೋ ಕಾಣೆ ಇಸ್ಕೂಲ್ನಾಗೆ! ನಡಿ ನಡಿ, ಉಣ್ಣೋಗು." ನಿಂತವರೆಲ್ಲ ನಕ್ಕರು.

ಅದೇ ನಗು. ಗೆಣ್ಣು ಚುರುಕ್ಕೆಂದಿತು. ನನ್ನ ಲೆಕ್ಕ ತಪ್ಪಲು ಹೇಗೆ ಸಾಧ್ಯ? ಊಟಕ್ಕೆ ಹೋಗಲಿಲ್ಲ. ಟೇಪಿನ ಉದ್ದಕ್ಕೂ ನಡೆದು ರಸ್ತೆಗೆ ಹೋಗಿ ಬಗ್ಗಿ ನೋಡಿದೆ. ತುದಿ ಎಂದೋ ತುಂಡಾಗಿತ್ತು. ತುಂಡಾದಲ್ಲಿ ಬಳೆಯನ್ನು ತಂತಿಯಿಂದ ಬಿಗಿದಿದ್ದರು. ಬಳೆಯ ಪಕ್ಕದಲ್ಲಿ ಇದ್ದದ್ದು ಸೊನ್ನೆಯಲ್ಲ, ಒಂದು.

"ಸಾರ್! ಟೇಪಲ್ಲಿ ಸೊನ್ನೇನೇ ಇಲ್ಲ! ಒಂದ್ರಿಂದ ಶುರುವಾಗೈತೆ! ನೀವು ಹದಿನಾರಕ್ಕೆ ನಿಲ್ಬೇಕು. ನನ್ ಲೆಕ್ಕಾನೇ ಸರಿ!"

ಕೂಗಿದ ಮೇಲೆ ಅಪ್ಪನ ಮುಖ ನೋಡಿದೆ. ಅಪ್ಪ ಟೇಪು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಬೇಡ ಎಂಬಂತೆ ತಲೆ ಇನ್ನೂ ಮೆಲ್ಲಗೆ ಆಡುತ್ತಿತ್ತು. ಆಗ ತಿಳಿಯಿತು ಈ ಪೆದ್ದಿಗೆ. ಹಿಂದಿನ ಸಂಜೆ ತನ್ನ ಕೈಯಲ್ಲೇ ಮಾರು ಹಾಕಿದವನಿಗೆ ಟೇಪು ಸುಳ್ಳು ಹೇಳುತ್ತಿದೆ ಎಂದು ಗೊತ್ತಿಲ್ಲದೆ ಇರುತ್ತದೆಯೇ? ನಕ್ಕು ಆಡಿಕೊಂಡು ಉಣ್ಣಲು ಕಳಿಸಿದ್ದು ನನ್ನ ಬಾಯಿ ಮುಚ್ಚಿಸುವುದಕ್ಕೆ.

ಸರ್ವೆಯರ್ ಬಾವಿಯ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ನೋಡಿದರು. ಅವರೊಬ್ಬರೇ ಇದ್ದಿದ್ದರೆ ಏನು ಮಾಡುತ್ತಿದ್ದರೋ. ಫ್ಯಾಕ್ಟರಿಯವರು ಆಗಲೇ ಬಂದು ಬಳೆಯ ಮೇಲೆ ಬಗ್ಗಿದ್ದರು. "ಹೌದಲ್ರೀ," ಎಂದರು. ಕಲ್ಲು ಕಿತ್ತರು. ಒಂದು ಮೀಟರ್ ಮುಂದಕ್ಕೆ ನೆಟ್ಟರು. ಗೆರೆ ಬಾವಿಯ ಕಟ್ಟೆ ದಾಟಿ ಒಳಕ್ಕೆ ಬಿತ್ತು.

"ಒಂದ್ ಮೊಳ ಸ್ವಾಮಿ," ಅಪ್ಪ ಅಂಗಲಾಚಿದ. "ಒಂದೇ ಒಂದ್ ಮೊಳ ಬುಟ್ಕೊಡಿ."

"ಈಗ ಹೆಂಗ್ ಬಿಡ್ಲಿ ಯಜಮಾನ್ರೇ, ನಿಮ್ಮ ಮಗಳೇ ಎಲ್ಲರ ಮುಂದೆ ಹೇಳಿದ್ಮೇಲೆ?" ಸರ್ವೆಯರ್ ನನ್ನ ಕಡೆ ತಿರುಗಿದರು. "ಎಷ್ಟನೇ ಕ್ಲಾಸಮ್ಮ? ಜಾಣೆ ನೀನು." ಅದು ಹೊಗಳಿಕೆಯಂತೆ ಕೇಳಿಸಲಿಲ್ಲ. ನಿಂತ ಜಾಗದಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವತ್ತಿನಿಂದ ಅಜ್ಜಿ ನನ್ನನ್ನು ಕಂಡಾಗಲೆಲ್ಲ ಒಂದೇ ಮಂತ್ರ: "ಮಾತಾಡಿದ್ರೆ ಹೋಯ್ತು, ಮುತ್ತೊಡುದ್ರೆ ಹೋಯ್ತು. ಮನೆ ಮಗಳೇ ನಮ್ ಬಾಯಿಗೆ ಮಣ್ಣಾಕ್ಬುಟ್ಲಲ್ಲ!" ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ಬುಡವ್ವ ಅತ್ಲಾಗೆ. ಅದು ಇದ್ದುದ್ನ ಇದ್ದಂಗೇ ಹೇಳ್ತು," ಎಂದು ಅಜ್ಜಿಯನ್ನೇ ಸುಮ್ಮನಾಗಿಸುತ್ತಿದ್ದ. ಎರಡು ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಬಾವಿ ಮುಚ್ಚುವ ದಿನ ಮಣ್ಣು ತುಂಬಿದ ಟ್ರಾಕ್ಟರು ಬಂದು ನಿಂತಿತು. ಅಪ್ಪ ಡ್ರೈವರಿಗೆ ಒಸಿ ತಡಿಯಪ್ಪ ಎಂದು, ಹಗ್ಗದ ತುದಿಗೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟ. ತಳ ಮುಟ್ಟಿದ ಮೇಲೆ ಕಟ್ಟೆಯ ಮಟ್ಟಕ್ಕೆ ಒಂದು ಗಂಟು ಹಾಕಿ ಮೇಲೆಳೆದು, ನನ್ನ ಮುಂದೆ ನೆಲಕ್ಕೆ ಹಾಸಿದ.

"ನಿಮ್ ತಾತ ಆರಾಳುದ್ದ ಅಂತಿದ್ದ. ಮೀಟ್ರಲ್ಲಿ ಎಷ್ಟಾಯ್ತದೆ, ಅಳ್ದು ಹೇಳು ಮಗಾ. ಬರ್ದು ಮಡಿಕೊಳವ."

ಸ್ಕೇಲು ಇಟ್ಟು ಇಟ್ಟು ಅಳೆದೆ. ಎರಡು ಸಲ ಎಣಿಕೆ ತಪ್ಪಿತು. "ಹತ್ತು ಮೀಟರಿಗೆ ಇಪ್ಪತ್ತು ಸೆಂಟಿಮೀಟರ್ ಕಮ್ಮಿ," ಎಂದೆ.

"ಸೊನ್ನೆ ನೋಡ್ಕೊಂಡ್ಯೇನವ್ವ?"

ಅಣಕಿಸಿ ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ. ನಾನು ಹೂಂ ಎಂದೆ.

"ಹಂಗಾರೆ ಸರಿ," ಎಂದು ಅಪ್ಪ ಹಗ್ಗ ಸುತ್ತಿಕೊಂಡು, ಟ್ರಾಕ್ಟರಿನವನಿಗೆ ಕೈ ಎತ್ತಿದ.